ಮೊದಲನೇ ‘ಬೇಡ’

ತಾಯಿಫ್
೩೧ ಅಕ್ಟೋಬರ್ ೨೦೨೫, ಶುಕ್ರವಾರ

ನನ್ನ ಚಂದದ ಮಾಮಿಗೆ,

ನಿಮಗೊಂದು ದೊಡ್ಡ ಸಲಾಂ, ನಿಮ್ಮ ಮೊಮ್ಮಗಳ ಪುಟ್ಟ ಪಾದಗಳಿಗೆ ನನ್ನ ಲೆಕ್ಕದಲ್ಲಿ ಎಷ್ಟು ಬೇಕೋ ಅಷ್ಟು ಮುತ್ತು!

‘ಫೋನು ಮಾಡಿದರೆ ಸ್ಪೀಕರಿನಲ್ಲಿ ಇಡೀ ಮನೆ ಕೇಳುತ್ತದೆ, ನನ್ನ ಹತ್ತಿರ ಮಾತಾಡಬೇಕು ಅನಿಸಿದರೆ ಕನ್ನಡದಲ್ಲಿ ಕಾಗದ ಬರೆ’ ಎಂದು ಜಿದ್ದಾ ಏರ್‌ಪೋರ್ಟಿನಲ್ಲಿ ನೀವು ಹೇಳಿದ್ದಿರಿ. ಇಗೋ, ಬರೆಯುತ್ತಿದ್ದೇನೆ. ಕಾಗದವೆಂದರೆ ಈಮೇಲು, ಕನ್ನಡವೆಂದರೆ ನನ್ನ ಕಾನ್ವೆಂಟ್ ಕನ್ನಡ. ತಪ್ಪು ಕಂಡರೆ ನಗಿ, ಆದರೆ ಸಮೀಹಾ ದೀದಿಗೆ ಓದಿ ಹೇಳಬೇಡಿ.

ಎಂಥ ಅನ್ಯಾಯ ನೋಡಿ ಮಾಮಿ. ಸೊಸೆ ಮನೆಗೆ ಬಂದು ಹದಿನೈದು ದಿನವಾಗಿಲ್ಲ, ಅತ್ತೆ ಮಗಳ ಬಾಣಂತನಕ್ಕೆಂದು ಜಪಾನಿಗೆ ಹೊರಟುಬಿಟ್ಟರು! ನಿಮ್ಮ ಉಪ್ಪಿನ ಡಬ್ಬ ಯಾವುದು, ಸಕ್ಕರೆಯ ಡಬ್ಬ ಯಾವುದು ಎಂದು ತಿಳಿಯುವಷ್ಟರಲ್ಲಿ ಮಾಮನ ಚಹಾ ಎರಡು ಸಲ ಉಪ್ಪಾಗಿತ್ತು. ಅವರು ಎರಡು ಸಲವೂ ಪೂರ್ತಿ ಕುಡಿದರು, ಪಾಪ. ಇನ್ನು, ಸುಹೈಬ್ ಗೊರಕೆ ಹೊಡೆಯುವುದಿಲ್ಲ ಎಂದು ಮದುವೆಗೆ ಮುಂಚೆ ನೀವು ನನ್ನ ಉಮ್ಮನಿಗೆ ಹೇಳಿದ್ದು ಶುದ್ಧ ಸುಳ್ಳು. ಆದರೂ ಅವನು ಎಷ್ಟು ಒಳ್ಳೆಯವನು ಮಾಮಿ! ಕಳೆದ ಶುಕ್ರವಾರ ಆಸ್ಪತ್ರೆಗೆ ರಜೆ ಎಂದು ನನ್ನನ್ನು ಹದಾ ಗುಡ್ಡಕ್ಕೆ ಕರೆದುಕೊಂಡು ಹೋದ. ಮಂಜು ಹೇಗಿತ್ತೆಂದರೆ ನನ್ನ ಕೈ ನನಗೇ ಕಾಣುತ್ತಿರಲಿಲ್ಲ, ಸೌದಿಯಲ್ಲಿ ಮಂಜು! ಆ ಮಂಜಿನಿಂದ ಒಂದು ಮಂಗ ಬಂದು ನಾವು ಕೊಂಡ ದಾಳಿಂಬೆಯ ಚೀಲವನ್ನೇ ಕಿತ್ತುಕೊಂಡು ಹೋಯಿತು. ಸುಹೈಬ್ ಹಿಂದೆ ಓಡಿದ. ಮಂಗ ನಿಂತು ತಿರುಗಿ ನೋಡಿತು. ಸುಹೈಬ್ ಅಷ್ಟೇ ಜೋರಾಗಿ ವಾಪಸು ಓಡಿ ಬಂದ!

ಈಗ ದೊಡ್ಡ ವಿಷಯ. ಬಾಣಂತನದ ನಲವತ್ತು ಮುಗಿಯಿತು, ದೀದಿಯ ಅತ್ತೆ ಬಂದು ಮಗುವನ್ನು ವಹಿಸಿಕೊಂಡರು, ನೀವು ಪಕ್ಕದ ಮನೆಯ ಹಮಾದಾ-ಸಾನ್ ಜೊತೆ ಯಾತ್ರೆಯ ದಾರಿ ನಡೆಯಲು ಹೊರಟಿದ್ದೀರಿ ಎಂದು ದೀದಿ ನಿನ್ನೆ ಹೇಳಿದಾಗ ನಾನು ಕೂಗಿಯೇಬಿಟ್ಟೆ. ಆ ದಾರಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಮುಗಿಸಿದ್ದೇನೆ. ಶಿಕೋಕು ಎಂಬ ಆ ದ್ವೀಪವನ್ನು ಸುತ್ತುವ ಎಂಬತ್ತೆಂಟು ಬೌದ್ಧ ದೇವಾಲಯಗಳು, ನೂರಾರು ವರ್ಷದ ಕಾಲುದಾರಿ, ಬಿಳಿ ಅಂಗಿ, ಹುಲ್ಲಿನ ಟೋಪಿ, ಕೋಲು! ನನ್ನ ಅತ್ತೆ! ನನ್ನ ಗೆಳತಿಯರ ಅತ್ತೆಯಂದಿರು ಲಿಫ್ಟ್ ಕೆಟ್ಟರೆ ಒಂದು ಮಹಡಿ ಹತ್ತುವುದಿಲ್ಲ.

ಮಾಮ ಮಾತ್ರ ಇವತ್ತು ಬೆಳಿಗ್ಗೆ ವಿಷಯ ಕೇಳಿ ಚಹಾದ ಲೋಟ ಕೆಳಗಿಟ್ಟು, “ದೇವಸ್ಥಾನಕ್ಕಾ?” ಎಂದರು. ಸುಹೈಬ್ ಹೇಳಿದ: “ಹಮಾದಾ-ಸಾನ್‌ಗೆ ಜೊತೆಗೆ, ಬಪ್ಪಾ. ಅವರ ಗಂಡ ತೀರಿಹೋಗಿ ವರ್ಷ ಆಗ್ಲಿಲ್ಲ. ಇಬ್ರೂ ಸೇರಿ ಅರ್ಧ ನಡೆದಿದ್ರಂತೆ. ಉಳಿದ ಅರ್ಧ ಒಬ್ರೇ ಹೋಗ್ಲಿಕ್ಕೆ ಮನಸ್ಸು ಬರುದಿಲ್ವಂತೆ.” ಮಾಮ ಎದ್ದು ಅಂಗಡಿಗೆಂದು ಹೊರಟರು. ಇವತ್ತು ಶುಕ್ರವಾರ, ಬೆಳಿಗ್ಗೆ ಅಂಗಡಿ ಮುಚ್ಚಿರುತ್ತದೆ. ಎಲ್ಲಿಗೆ ಹೋದರೋ ಗೊತ್ತಿಲ್ಲ.

ನಿಮ್ಮ ಗುರುವಾರದ ಊಟದ ಬಗ್ಗೆ ಚಿಂತೆ ಬೇಡ. ರಿಯಾದಿನಿಂದ, ಅಲ್ ಅಹ್ಸಾದಿಂದ ಉಮ್ರಾಕ್ಕೆ ಹೋಗುವ ನಮ್ಮೂರಿನವರೆಲ್ಲ ಮಕ್ಕಾ ಸೇರುವ ಮೊದಲು ನಿಮ್ಮ ಮನೆಯಲ್ಲಿ ಇಳಿದು ಸ್ನಾನ ಮಾಡಿ, ಉಂಡು ಹೋಗುವ ಈ ಪದ್ಧತಿ ನನಗೆ ಎಷ್ಟು ಹೆಮ್ಮೆ ಗೊತ್ತಾ? ಆದರೆ ಯಾರು ಬರುತ್ತಾರೆ, ಎಷ್ಟು ಜನ, ಒಂದೂ ಗೊತ್ತಾಗುವುದಿಲ್ಲ. ಕಳೆದ ವಾರ ಅನ್ನ ಉಳಿಯಿತು, ಅದರ ಹಿಂದಿನ ವಾರ ಸಾಲಲಿಲ್ಲ. ಅದಕ್ಕೆ ಒಂದು ಸೂಪರ್ ಐಡಿಯಾ ಮಾಡಿದ್ದೇನೆ. ವಾಟ್ಸಾಪ್ ಗ್ರೂಪು, ಅದರಲ್ಲಿ ಒಂದು ಆನ್‌ಲೈನ್ ಫಾರಂ! ಎಷ್ಟು ಮಂದಿ, ಎಷ್ಟು ಗಂಟೆಗೆ, ಯಾವುದಾದರೂ ಆಹಾರ ಆಗುವುದಿಲ್ಲವೇ, ಎಲ್ಲ ಬುಧವಾರದೊಳಗೆ ತುಂಬಿಸಿ ಕಳಿಸಬೇಕು. ನೀವು ಬಂದು ನೋಡಿದರೆ ನನ್ನನ್ನು ಅಪ್ಪಿಕೊಳ್ಳುತ್ತೀರಿ.

ಉಪ್ಪು ಸಕ್ಕರೆಗಳ ನಡುವೆ ಸಿಕ್ಕಿರುವ
ನಿಮ್ಮ ಮರ್ವಾ


ಇಮಾಬರಿ
೫ ನವೆಂಬರ್

ಮರ್ವಾ,

ನಿನ್ನ ಕಾಗದ ಓದಿ ನಾನೊಬ್ಬಳೇ ನಕ್ಕೆ. ಹಮಾದಾ-ಸಾನ್ ಏನೆಂದು ಕೇಳಿದರು. ಮಂಗ ಓಡಿಸಿದ ಕಥೆಯನ್ನು ಕೈಸನ್ನೆಯಲ್ಲಿ ಮಾಡಿ ತೋರಿಸಿದೆ. ಸುಹೈಬನ ಪಾಲಿಗೆ ಬಂದಾಗ ಅವರು ಹೊಟ್ಟೆ ಹಿಡಿದುಕೊಂಡರು.

ನಿಮ್ಮ ಮಾಮನಿಗೆ ಇದನ್ನು ಹೇಳು. ನಾನು ದೇವಾಲಯದ ಒಳಗೆ ಹೋಗುವುದಿಲ್ಲ. ಬಾಗಿಲಲ್ಲಿ ಹಮಾದಾ-ಸಾನ್ ತಲೆ ಬಾಗಿಸಿ ಒಳಗೆ ಹೋಗುತ್ತಾರೆ, ಊದುಬತ್ತಿ ಹಚ್ಚಿ ಅವರ ಮಂತ್ರ ಹೇಳುತ್ತಾರೆ. ನಾನು ಹೊರಗಿನ ಕಲ್ಲುಬೆಂಚಿನಲ್ಲಿ ಅವರ ಬ್ಯಾಗು ಹಿಡಿದು ಕೂರುತ್ತೇನೆ. ನನ್ನ ನಮಾಝಿನ ಹೊತ್ತಿಗೆ ಅವರು ನನ್ನ ಬ್ಯಾಗು ಹಿಡಿದು ಕೂರುತ್ತಾರೆ. ದೇವಾಲಯ ಅವರದ್ದು, ದಾರಿ ಇಬ್ಬರದ್ದು.

ನಾನು ಬಿಳಿ ಅಂಗಿ ಹಾಕಲಿಲ್ಲ. ನನ್ನ ಕಪ್ಪು ಅಬಾಯಾ, ಅದರ ಮೇಲೆ ಹಮಾದಾ-ಸಾನ್ ಕೊಟ್ಟ ಹುಲ್ಲಿನ ಟೋಪಿ. ಒಬ್ಬ ಅಜ್ಜ ಸೈಕಲಿನಿಂದ ಇಳಿದು ನಿಂತು ನೋಡಿ, ಕೊನೆಗೆ ನನಗೇ ಕೈ ಮುಗಿದ. ಯಾವ ಮಠದವಳು ಎಂದುಕೊಂಡನೋ.

ದಾರಿ ಚಂದ ಇದೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಕೊಯ್ಲು ಮುಗಿದ ಗದ್ದೆ. ತಿರುವು ಬಂದಲ್ಲಿ ಒಂದು ಹಳೆಯ ಕಲ್ಲು, ಅದರ ಮೇಲೆ ಬೆರಳು ತೋರಿಸುವ ಕೈ ಕೆತ್ತಿದೆ. ಆ ಕೈ ತೋರಿಸಿದ ಕಡೆಗೆ ನಡೆದರೆ ಆಯಿತು, ಯಾರನ್ನೂ ಕೇಳಬೇಕಿಲ್ಲ. ಸಂಜೆ ತಂಗುವಲ್ಲಿಗೆ ಬಂದರೆ ಹಮಾದಾ-ಸಾನ್ ಮೊದಲು ಕೋಲಿನ ತುದಿಯನ್ನು ತೊಳೆಯುತ್ತಾರೆ, ಆಮೇಲೆ ತಮ್ಮ ಕಾಲು. ಅದು ಅವರ ಗಂಡನ ಕೋಲು.

ಮೂರನೇ ದಿನ ನಾನೊಂದು ತಪ್ಪು ಮಾಡಿದೆ. ಕಿತ್ತಳೆ ತೋಟದ ಬದಿಯಲ್ಲಿ ಹೋಗುತ್ತಿದ್ದೆವು. ಇಲ್ಲಿಯ ಕಿತ್ತಳೆ ಚಿಕ್ಕದು, ಸಿಪ್ಪೆ ಕೈಯಲ್ಲೇ ಬಿಟ್ಟುಬರುತ್ತದೆ. ತೋಟದ ಹೆಂಗಸು ಓಡಿ ಬಂದು ಒಂದು ಚೀಲ ಕಿತ್ತಳೆ ನನ್ನ ಮುಂದೆ ಹಿಡಿದಳು. ನಾನು ನಮ್ಮ ಮರ್ಯಾದೆಯಂತೆ ಕೈ ಅಲ್ಲಾಡಿಸಿ ‘ಬೇಡ, ಬೇಡ’ ಎಂದೆ. ಇನ್ನೊಂದು ಸಲ ಒತ್ತಾಯ ಮಾಡಲಿ, ಮೂರನೇ ಸಲಕ್ಕೆ ತೆಗೆದುಕೊಳ್ಳುವ ಎಂದು ನಿಂತೆ. ಅವಳು ಒತ್ತಾಯ ಮಾಡಲಿಲ್ಲ. ಮುಖ ಸಣ್ಣದಾಯಿತು. ತಲೆ ಬಾಗಿಸಿ ಚೀಲ ಹಿಡಿದುಕೊಂಡು ವಾಪಸು ಹೋದಳು.

ಹಮಾದಾ-ಸಾನ್ ತುಂಬ ದೂರ ಮುಂದೆ ಮುಂದೆ ನಡೆದರು. ದಾರಿಯ ಪಕ್ಕದ ತಂಗು ಗುಡಿಸಲಿನಲ್ಲಿ ಕೂತು ಫೋನಿನಲ್ಲಿ ಬರೆದು ತೋರಿಸಿದರು. ಫೋನು ಅದನ್ನು ಕನ್ನಡ ಮಾಡಿದ್ದು ಹೀಗೆ: ‘ಈ ರಸ್ತೆಯಲ್ಲಿ ನಿರಾಕರಣೆ ಲಭ್ಯವಿಲ್ಲ.’ ಆಮೇಲೆ ನಿಧಾನವಾಗಿ ವಿವರಿಸಿದರು. ನಡೆಯುವವರಿಗೆ ಕೊಡುವುದು ಇಲ್ಲಿಯ ಹಳೆಯ ಪದ್ಧತಿಯಂತೆ. ಎಲ್ಲರಿಗೂ ನಡೆಯಲು ಆಗುವುದಿಲ್ಲ. ತೋಟ ಬಿಟ್ಟು ಬರಲಾಗದವರು ಒಂದು ಹಣ್ಣು ಕೊಟ್ಟರೆ ಅಷ್ಟರಮಟ್ಟಿಗೆ ಅವರೂ ನಡೆದಂತೆ. ನೀನು ತೆಗೆದುಕೊಳ್ಳದಿದ್ದರೆ ಅವರನ್ನು ದಾರಿಯಲ್ಲಿ ಬಿಟ್ಟು ಬಂದಂತೆ.

ನಾನು ವಾಪಸು ನಡೆದೆ. ಹಮಾದಾ-ಸಾನ್ ಬೇಡವೆಂದರೂ ಹೋದೆ. ಆ ಹೆಂಗಸು ಏಣಿಯ ಮೇಲಿದ್ದಳು. ಕೆಳಗೆ ನಿಂತು ಎರಡೂ ಕೈ ಚಾಚಿದೆ. ಅವಳು ಇಳಿದು ಬಂದು ಮೊದಲಿನ ಎರಡರಷ್ಟು ಕೊಟ್ಟಳು. ಹೊತ್ತು ಹೊತ್ತು ಹೆಗಲು ನೋಯುತ್ತಿದೆ.

ನಿನ್ನ ಫಾರಂ ವಿಷಯ ಓದಿ ಸ್ವಲ್ಪ ಹೆದರಿಕೆಯಾಯಿತು. ಇನ್ನೂ ಕಳಿಸದಿದ್ದರೆ ಕಳಿಸಬೇಡ ಮಗಾ.

ಆಯಿಶತ್


ತಾಯಿಫ್
೮ ನವೆಂಬರ್, ಶನಿವಾರ

ಮಾಮಿ, ಓ ಮಾಮಿ,

ಕಳಿಸಿಯಾಗಿತ್ತು!

ನಡೆದದ್ದನ್ನು ಹೇಳುತ್ತೇನೆ, ನಗಬಾರದು. ಬುಧವಾರ ರಾತ್ರಿಯವರೆಗೂ ಫಾರಂ ಯಾರೂ ತುಂಬಲಿಲ್ಲ. ಮರೆತಿರಬೇಕು ಎಂದುಕೊಂಡೆ. ನಾನೂ ಸುಹೈಬನೂ ತುಪ್ಪದನ್ನ, ಕೋಳಿ ಸಾರು, ಅಕ್ಕಿಯ ತೆಳು ರೊಟ್ಟಿ ಪತ್ತಿರ್ ಎಲ್ಲ ಮಾಡಿದೆವು. ಗುರುವಾರ ಸಂಜೆ ಅಸರ್ ನಮಾಝ್ ಆಯಿತು, ಮಗ್ರಿಬ್ ಆಯಿತು. ಯಾರೂ ಇಲ್ಲ. ನೀವು ಈ ಮನೆಗೆ ಬಂದಂದಿನಿಂದ ಊಟದ ಸುಫ್ರಾ ಹಾಸಿದ ಮೇಲೆ ಅದು ಖಾಲಿ ಇದ್ದದ್ದೇ ಇಲ್ಲವಂತೆ. ಮಾಮ ಬಾಗಿಲಿಗೂ ಕಿಟಕಿಗೂ ನಡೆದು ನಡೆದು ಕೊನೆಗೆ ಅಲ್ ಅಹ್ಸಾದ ಮುಝಫ್ಫರ್‌ಕನಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ, ಎಂದಿನಂತೆ.

“ಎಂತ ಮಾರಾಯ, ಈ ತಿಂಗಳು ಉಮ್ರಾ ಇಲ್ವಾ?”

“ಉಮ್ರಾ ಆಯ್ತಲ್ಲ ಝಕರಿಯಾಕ, ಈಗ ಮಕ್ಕಾದಲ್ಲೇ ಇದ್ದೇವೆ.”

“ಮತ್ತೆ ಮನೆಗೆ ಬರ್ಲಿಲ್ಲ?”

“ಇಲ್ಲಪ್ಪ, ಪೆಟ್ರೋಲ್ ಬಂಕಿನ ಹತ್ರ ಎಂತದೋ ತಿಂದು ಹೋದೆವು. ನಿಮ್ಮಲ್ಲಿಗೆ ಬರ್ಲಿಕ್ಕೆ ಈಗ ಅರ್ಜಿ ಹಾಕ್ಬೇಕಂತಲ್ಲ. ನಮ್ಗೆ ಎಂತ ಕಾಯಿಲೆ ಉಂಟು ಅಂತ ಸಹ ಬರೀಬೇಕಂತೆ. ನನ್ನ ಹೆಂಡ್ತಿ ಹೇಳಿದ್ಲು, ಪಾಸಾಗದಿದ್ರೆ ಮರ್ಯಾದೆ ಹೋಗ್ತದೆ, ಹೋಗುದೇ ಬೇಡ ಅಂತ.”

ಮಾಮ ಫೋನು ಇಟ್ಟು ನನ್ನ ಕಡೆ ತಿರುಗಿದರು. “ಇದು ಮನೆಯಾ, ಇಕಾಮಾ ಆಫೀಸಾ?”

“ಮಾಮ, ಅಂದಾಜಿಗೆ ಅಂತ…”

“ಉಣ್ಲಿಕ್ಕೆ ಬರ್ತೇನೆ ಅಂತ ನಮ್ಮವ ಒಬ್ಬ ಬರೆದು ಕೊಡ್ತಾನಾ? ಬಾಗಿಲಿಗೆ ಬಂದ್ರೂ ‘ಈಗ ಉಂಡದ್ದು, ನೀರು ಸಾಕು’ ಹೇಳುವವರು ಅವರು. ಕೈ ಹಿಡಿದು ಎಳೀಬೇಕು. ನೀನು ಕೈಗೆ ಫಾರಂ ಕೊಟ್ಟದ್ದು!”

ನಾನು ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಸುಹೈಬ್ ಬಂದು ಸಮಾಧಾನ ಮಾಡುತ್ತಾ ಮಾಡುತ್ತಾ ನಗಲು ಶುರುಮಾಡಿದ. ನಾನು ಅವನ ತಲೆಗೆ ಪತ್ತಿರಿನಿಂದ ಹೊಡೆದೆ. ಆಮೇಲೆ ನನಗೂ ನಗು ಬಂತು. ಮದುವೆ ಎಷ್ಟು ಒಳ್ಳೆಯದು ಮಾಮಿ!

ಆದರೆ ಇದು ನಗುವ ವಿಷಯವಲ್ಲ. ನಿಮ್ಮ ರೀ-ಎಂಟ್ರಿ ವೀಸಾ ಈ ತಿಂಗಳ ಇಪ್ಪತ್ತಕ್ಕೆ ಮುಗಿಯುತ್ತದೆ ಎಂದು ಸುಹೈಬ್ ಹೇಳಿದ. ಅದರೊಳಗೆ ನೀವು ಸೌದಿಗೆ ಕಾಲಿಡದಿದ್ದರೆ ನಿಮ್ಮ ಇಕಾಮಾ, ಇಲ್ಲಿ ವಾಸಿಸುವ ಪರವಾನಗಿಯೇ, ಹೋಗುತ್ತದೆ, ಈ ಮನೆಗೆ ವಾಪಸು ಬರಲಾಗುವುದಿಲ್ಲ. ಆದರೆ ಇಪ್ಪತ್ತರೊಳಗೆ ಬರಬೇಕಾದರೆ ದಾರಿಯ ಅರ್ಧಕ್ಕೇ ತಿರುಗಬೇಕು! ಅದನ್ನು ಮುಂದಕ್ಕೆ ಹಾಕಿಸಲು ಮಾಮನಿಗೆ ಮಾತ್ರ ಸಾಧ್ಯ, ನೀವು ಅವರ ಹೆಸರಿನಲ್ಲಿದ್ದೀರಲ್ಲ. ಅವರ ಫೋನಿನಲ್ಲಿ ಐದು ನಿಮಿಷದ ಕೆಲಸವಂತೆ. ನಿನ್ನೆ ಸುಹೈಬ್ ಹೇಳಿ ನೋಡಿದ. ಮಾಮ, “ನಾನು ಕೇಳಿದ್ದೆ. ಎಲ್ಲರ ಎದುರು ಕೇಳಿದ್ದೆ. ಬೇಡ ಅಂದ್ಲು. ಬೇಡ ಅಂದವಳಿಗೆ ಬಲವಂತ ಮಾಡ್ಲಿಕ್ಕೆ ನಾನು ಯಾರು?” ಎಂದರು. ಆಮೇಲೆ ಎದ್ದುಹೋಗಿ ಎರಡು ದಿನದಿಂದ ಕೆಟ್ಟಿದ್ದ ಮಿಕ್ಸಿಯನ್ನು ಬಿಚ್ಚಿಕೊಂಡು ಕೂತರು. ಇವತ್ತೂ ಅದನ್ನೇ ಬಿಚ್ಚುತ್ತಿದ್ದಾರೆ.

ನೀವು ನಿಜವಾಗಿ ಬೇಡ ಎಂದಿರಾ? ಪೂರ್ತಿ ನಡೆಯುವ ಆಸೆ ಇಲ್ಲವಾ? ನನಗೆ ಮಾತ್ರ ಹೇಳಿ.

ಫಾರಂ ಅಳಿಸಿರುವ, ಗ್ರೂಪು ಮುಚ್ಚಿರುವ
ಮರ್ವಾ


ಸೈಜೋ
೧೧ ನವೆಂಬರ್

ಮರ್ವಾ,

ನಿನ್ನೆಯ ಗುಡ್ಡ ಕಡಿದಾಗಿತ್ತು. ಯಾತ್ರಿಕರು ಉರುಳಿ ಬೀಳುವ ಜಾಗ ಎಂದೇ ಅಂಥ ಏರುದಾರಿಗಳಿಗೆ ಇಲ್ಲಿ ಹೆಸರಿದೆಯಂತೆ. ದೇವದಾರಿನಂಥ ಮರಗಳು, ಬೇರುಗಳೇ ಮೆಟ್ಟಿಲು, ಮೇಲೆಲ್ಲ ಒದ್ದೆ ಎಲೆ. ಹಮಾದಾ-ಸಾನ್ ಒಂದು ಕಡೆ ಜಾರಿ ಕೂತರು. ಏಳಿಸಲು ಹೋದರೆ ಏಳಲಿಲ್ಲ. ಕೂತಲ್ಲೇ ಗಂಡನ ಕೋಲನ್ನು ಮಡಿಲಲ್ಲಿಟ್ಟುಕೊಂಡು ಅತ್ತರು. ನಾನೂ ಪಕ್ಕದಲ್ಲಿ ಕೂತೆ. ಅವರ ಭಾಷೆಯಲ್ಲಿ ಹೇಳಲು ನನಗೆ ಮಾತು ಬರುವುದಿಲ್ಲ, ಅದು ಒಳ್ಳೆಯದೇ ಆಯಿತು. ಆಮೇಲೆ ಎದ್ದು ಇಬ್ಬರೂ ಮೇಲೆ ತಲುಪಿದೆವು.

ನೀನು ಕೇಳಿದ್ದಕ್ಕೆ ಉತ್ತರ. ಹೌದು, ನಿಮ್ಮ ಮಾಮ ಕೇಳಿದ್ದರು. ಹೋದ ತಿಂಗಳ ಒಂದು ಗುರುವಾರ, ನೀನು ಅಡುಗೆಮನೆಯಲ್ಲಿದ್ದಿರಬೇಕು, ಮನೆ ತುಂಬ ಜನ, ಫೋನು ಸ್ಪೀಕರಿನಲ್ಲಿ. ಪಾತ್ರೆಯ ಸದ್ದು, ಮುಝಫ್ಫರನ ನಗು, ಎಲ್ಲ ನನಗೆ ಕೇಳುತ್ತಿತ್ತು. ಅದರ ನಡುವೆ ಗಿರಾಕಿಯ ಹತ್ತಿರ ಚೀಲ ಬೇಕಾ ಎಂದು ಕೇಳುವ ಹಾಗೆ, ‘ಆಯಿಶಾ, ಎಕ್ಸ್‌ಟೆಂಡ್ ಬೇಕಾ?’ ಎಂದರು. ಅಷ್ಟು ಜನರೆದುರು ‘ಹೌದು, ನಾನು ಇನ್ನೂ ತಿರುಗಬೇಕು’ ಎಂದು ಯಾವ ಹೆಂಗಸು ಹೇಳುತ್ತಾಳೆ? ‘ಬೇಡ’ ಎಂದೆ. ಅವರು ಎರಡನೇ ಸಲ ಕೇಳಲಿಲ್ಲ.

ಹದಿನೆಂಟಕ್ಕೆ ಸಮೀಹಾ ಟಿಕೆಟ್ ತೆಗೆದಿದ್ದಾಳೆ. ಹಮಾದಾ-ಸಾನ್‌ಗೆ ಹೇಳಿದೆ. ಅವರು ಹೂಂ ಎಂದು ತಲೆಯಾಡಿಸಿದರು. ಆವತ್ತಿನಿಂದ ನಡಿಗೆ ನಿಧಾನವಾಗಿದೆ. ನಾನು ಹೋದ ಮೇಲೆ ಒಬ್ಬರೇ ಮುಂದೆ ಹೋಗುತ್ತಾರಾ ಎಂದರೆ ಇಲ್ಲವಂತೆ. ಬಸ್ಸಿನಲ್ಲಿ ಮನೆಗೆ ಹೋಗುತ್ತಾರಂತೆ. ಬರುವ ವರ್ಷಕ್ಕೆ ಮಂಡಿ ಹೇಗಿರುತ್ತದೋ ಎಂದರು.

ನನಗೆ ಆಸೆ ಇದೆಯಾ ಎಂದು ನೀನು ಕೇಳಿದ್ದೀಯ. ಬೆಳಿಗ್ಗೆ ಬೂಟಿನ ದಾರ ಕಟ್ಟುವಾಗ ನನಗೆ ಒಂದು ಖುಷಿ ಆಗುತ್ತದೆ. ಅದು ಏನೆಂದು ನನಗೇ ಗೊತ್ತಿಲ್ಲ.

ಮಾಮನಿಗೆ ಇದನ್ನು ಹೇಳಬೇಡ.

ಆಯಿಶತ್


ತಾಯಿಫ್
೧೫ ನವೆಂಬರ್, ಶನಿವಾರ

ಮಾಮಿ! ಮಾಮಿ! ಮಾಮಿ!

ಕೂತು ಓದಿ. ಬೆಂಚು, ಬಂಡೆ, ಏನಿದ್ದರೂ ಸರಿ, ಮೊದಲು ಕೂತುಕೊಳ್ಳಿ.

ನಿಮ್ಮ ಮಾತನ್ನು ಮೀರಲಿಲ್ಲ, ಆಣೆಗೂ ಮೀರಲಿಲ್ಲ. ಗುಡ್ಡದ ವಿಷಯ, ಬೂಟಿನ ದಾರದ ವಿಷಯ, ಒಂದೂ ಹೇಳಲಿಲ್ಲ. ಆದರೆ ಕಿತ್ತಳೆಯ ಕಥೆ ಹೇಳಬೇಡ ಎಂದು ನೀವು ಹೇಳಿರಲಿಲ್ಲವಲ್ಲ!

ಮೊನ್ನೆ ಗುರುವಾರ ಯಾರು ಬಂದರೂ ಸರಿ, ಬರದಿದ್ದರೂ ಸರಿ ಎಂದು ಬಾಗಿಲು ತೆರೆದಿಟ್ಟು ಅಡುಗೆ ಮಾಡಿದೆವು. ಸಂಜೆ ಕೆಳಗೆ ಕಾರು ನಿಂತ ಸದ್ದಾಯಿತು. ಮುಝಫ್ಫರ್‌ಕ ಮತ್ತು ಅವರ ಹೆಂಡತಿ! ಮಕ್ಕಾದಿಂದ ಜಿದ್ದಾಕ್ಕೆ ತಂಗಿಯ ಮನೆಗೆ ಹೋಗಿದ್ದವರು ಅಲ್ ಅಹ್ಸಾಕ್ಕೆ ವಾಪಸು ಹೋಗುವ ದಾರಿಯಲ್ಲಿದ್ದರು. ಮೆಟ್ಟಿಲಲ್ಲೇ ನಿಂತು, “ಒಂದು ಸಲಾಂ ಹೇಳುವ ಅಂತ ಬಂದದ್ದು, ಒಳಗೆ ಬರುದಿಲ್ಲ” ಎಂದರು. ಈ ಸಲ ನಾನು ಬಿಡುತ್ತೇನಾ?

“ಬನ್ನಿ ಊಟ ಮಾಡಿ.”

“ಬೇಡ ಬೇಡ, ಈಗ ಉಂಡದ್ದು.”

“ಸ್ವಲ್ಪ ಉಣ್ಣಿ.”

“ಬೇಡ ಮಗಾ, ಹೊಟ್ಟೆಯಲ್ಲಿ ಜಾಗ ಇಲ್ಲ.”

“ಮುಝಫ್ಫರ್‌ಕ, ನೀವು ಬರದಿದ್ದರೆ ಮಾಮ ನನ್ನನ್ನು ಮಂಗಳೂರಿಗೆ ವಾಪಸು ಕಳಿಸುತ್ತಾರೆ.”

“ಹಾಗಾದ್ರೆ ಒಂದು ತುತ್ತು.”

ಆ ಒಂದು ತುತ್ತು ನಾಲ್ಕು ಸಲ ಬಡಿಸುವಷ್ಟಿತ್ತು! ಅನ್ನ ಮುದ್ದೆಯಾಗಿತ್ತು, ಅದನ್ನೂ ಹೊಗಳಿದರು. ಅವರ ಹೆಂಡತಿ ನನ್ನ ಕಿವಿಯಲ್ಲಿ, “ನಮ್ಗೆ ಕಾಯಿಲೆ ಎಂತದೂ ಇಲ್ಲ ಆಯ್ತಾ, ಬರೆದುಕೋ” ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಮಾಮನೂ ನಕ್ಕರು. ಆ ಹುಮ್ಮಸ್ಸಿನಲ್ಲಿ ನಾನು ಕಿತ್ತಳೆಯ ಕಥೆ ಹೇಳಿದೆ. ನೀವು ಕೈ ಅಲ್ಲಾಡಿಸಿದ್ದು, ಆ ಹೆಂಗಸು ವಾಪಸು ಹೋದದ್ದು, ನೀವು ಅಷ್ಟು ದೂರ ತಿರುಗಿ ನಡೆದದ್ದು, ಏಣಿಯ ಕೆಳಗೆ ಕೈ ಚಾಚಿ ನಿಂತದ್ದು.

ಮುಝಫ್ಫರ್‌ಕ ನಂಬಲಿಲ್ಲ. “ಒಂದೇ ಬೇಡಕ್ಕೆ ಹೋದ್ಲಾ? ಪಾಪ, ಅವಳಿಗೆ ನಮ್ಮ ಕ್ರಮ ಗೊತ್ತಿಲ್ಲ. ಮೊದಲನೇ ಬೇಡವನ್ನು ನಮ್ಮಲ್ಲಿ ಯಾರು ಲೆಕ್ಕಕ್ಕೆ ತಗೊಳ್ತಾರೆ, ಅಲ್ವಾ ಝಕರಿಯಾಕ?”

ಮಾಮ ನಗಲಿಲ್ಲ ಮಾಮಿ. ತಟ್ಟೆಯನ್ನೇ ನೋಡುತ್ತಿದ್ದರು. “ಆಯಿಶಾ ವಾಪಸು ನಡೆದದ್ದಾ?” ಎಂದು ಕೇಳಿದರು.

“ಹೌದು ಮಾಮ.”

“ಎಲ್ಲಿ, ಗುಡ್ಡದಲ್ಲಾ?”

“ಗುಡ್ಡ ಅಲ್ಲ ಮಾಮ, ತೋಟ. ಆದರೆ ದೂರ ಇತ್ತಂತೆ.”

ಮಾಮ ತಟ್ಟೆ ಪಕ್ಕಕ್ಕೆ ಸರಿಸಿದರು. ಕೈ ತೊಳೆಯಲು ಎದ್ದರು.

ನಿನ್ನೆ ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದೆ. ಮಾಮ ಕನ್ನಡಕ ಮೂಗಿನ ತುದಿಗೆ ಇಳಿಸಿ, ಫೋನನ್ನು ಮಾರು ದೂರ ಹಿಡಿದು ಬಾಲ್ಕನಿಗೆ ಬಂದರು. “ಇದರ ಪಾಸ್‌ವರ್ಡ್ ತಪ್ಪು ಅಂತ ಹೇಳ್ತದೆ. ನನ್ನ ಪಾಸ್‌ವರ್ಡ್ ನನಗೆ ಗೊತ್ತುಂಟಾ, ಇದಕ್ಕೆ ಗೊತ್ತುಂಟಾ?” ಪರದೆ ನೋಡಿದೆ. ನಿಮ್ಮ ಹೆಸರು, ನಿಮ್ಮ ಫೋಟೋ. ಏನೂ ಗೊತ್ತಿಲ್ಲದವಳ ಹಾಗೆ, “ಮಾಮಿಗೆ ಒಂದು ಫೋನು ಮಾಡಿ ಕೇಳುವುದಾ ಮಾಮ?” ಎಂದೆ.

“ಕೇಳುದೆಂತ? ಕೇಳಿದ್ರೆ ಪುನಃ ಬೇಡ ಹೇಳ್ತಾಳೆ. ಆ ತೋಟದ ಹೆಂಗ್ಸು ಕೇಳಿ ಕೊಟ್ಟದ್ದಾ?”

ಹೊಸ ಪಾಸ್‌ವರ್ಡ್ ಹಾಕಿಸಿಕೊಟ್ಟೆ. ಒತ್ತುವುದನ್ನು ಮಾತ್ರ ಅವರೇ ಒತ್ತಿದರು, ನನ್ನನ್ನು ಮುಟ್ಟಲೂ ಬಿಡಲಿಲ್ಲ. ಡಿಸೆಂಬರ್ ಇಪ್ಪತ್ತರವರೆಗೆ ಆಗಿದೆ ಮಾಮಿ! ದೀದಿಯ ಹತ್ತಿರ ಟಿಕೆಟ್ ಬದಲಿಸಲು ಹೇಳಿ! ಹಮಾದಾ-ಸಾನ್‌ಗೆ ಬಸ್ಸು ಮರೆಯಲು ಹೇಳಿ! ನಡೆಯಿರಿ, ಓಡಬೇಡಿ, ನಿಧಾನವಾಗಿ ಪೂರ್ತಿ ನಡೆಯಿರಿ!

ಒಳಗೆ ಹೋಗುವಾಗ ಮಾಮ, “ನಾನು ಮಾಡಿದ್ದು ಅಂತ ಅವಳಿಗೆ ಬರಿಬೇಡ” ಎಂದರು. ಒಂದೇ ಸಲ ಹೇಳಿದರು. ಅದಕ್ಕೆ ಲೆಕ್ಕವಿಲ್ಲ ಎಂದುಕೊಂಡು ಬರೆದಿದ್ದೇನೆ.

ಖುಷಿಯಿಂದ ಬಟ್ಟೆಗಳನ್ನೆಲ್ಲ ತಲೆಕೆಳಗಾಗಿ ಒಣಹಾಕಿರುವ
ನಿಮ್ಮ ಮರ್ವಾ

ಮಿಕ್ಸಿ ಸರಿಯಾಗಿದೆ ಎಂದು ಹೇಳಲು ಮರೆತೆ. ಎರಡು ಸ್ಕ್ರೂ ಉಳಿದಿವೆ.


ಸಾನುಕಿ
೩೦ ನವೆಂಬರ್

ಮರ್ವಾ,

ನಿನ್ನೆ ಮಧ್ಯಾಹ್ನ ಕೊನೆಯ ದೇವಾಲಯ ತಲುಪಿದೆವು. ಅದು ಗುಡ್ಡದ ಮಡಿಲಲ್ಲಿದೆ, ಮರಗಳೆಲ್ಲ ಕೆಂಪಾಗಿವೆ. ನಡೆದು ಮುಗಿಸಿದವರು ತಮ್ಮ ಕೋಲನ್ನು ಅಲ್ಲಿ ಬಿಟ್ಟು ಬರುವುದು ವಾಡಿಕೆ. ಹಮಾದಾ-ಸಾನ್ ಒಳಗೆ ಹೋದರು. ನಾನು ಎಂದಿನಂತೆ ಬಾಗಿಲ ಹೊರಗೆ ಕೂತೆ. ತುಂಬ ಹೊತ್ತು ಬರಲಿಲ್ಲ. ಬಂದಾಗ ಕೈ ಖಾಲಿ ಇತ್ತು. ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಹಸಿವಾಗುತ್ತಿದೆ ಎಂದರು. ಕೆಳಗಿನ ಅಂಗಡಿಯಲ್ಲಿ ಇಬ್ಬರೂ ಕೂತೆವು. ಅವರು ಬಿಸಿಬಿಸಿ ದಪ್ಪ ಶಾವಿಗೆ ತಿಂದರು. ಅದರ ಸಾರಿನಲ್ಲಿ ಏನೇನಿದೆಯೋ ಗೊತ್ತಿಲ್ಲದೆ ನಾನು ಅನ್ನದ ಉಂಡೆ ತಿಂದೆ. ನಡೆಯುವಾಗ ಅವರ ಕೈ ಆಗಾಗ ಕೋಲನ್ನು ಹುಡುಕುತ್ತಿತ್ತು. ನನ್ನ ಕೈ ಕೊಟ್ಟೆ.

ನಿನ್ನ ಕಾಗದ ಬಂದ ದಿನ ನಾವೊಂದು ಬಸ್ ನಿಲ್ದಾಣದಲ್ಲಿ ಕೂತಿದ್ದೆವು. ಓದಿ ಮುಗಿಸಿ ಹಮಾದಾ-ಸಾನ್‌ಗೆ ಹೇಳಿದೆ. ಅಷ್ಟರಲ್ಲಿ ಬಸ್ಸು ಬಂತು. ಡ್ರೈವರ್ ಬಾಗಿಲು ತೆರೆದು ಕಾದ. ಹಮಾದಾ-ಸಾನ್ ಎದ್ದು ನಿಂತು ಅವನಿಗೆ ಸೊಂಟದವರೆಗೆ ಬಾಗಿ ನಮಸ್ಕಾರ ಮಾಡಿ ಕಳಿಸಿಕೊಟ್ಟರು.

ನಿಮ್ಮ ಮಾಮನಿಗೆ ನಾನು ಫೋನಿನಲ್ಲಿ ಏನೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ‘ಚಳಿ ಉಂಟಾ?’ ಎಂದರು, ‘ಉಂಟು’ ಎಂದೆ. ಈ ದಾರಿಯಲ್ಲಿ ಕೊಟ್ಟವರಿಗೆ ತಿರುಗಿ ಏನೂ ಕೊಡಬಾರದು. ನಡೆಯುವವರು ತಮ್ಮ ಹೆಸರು ಬರೆದ ಒಂದು ಚೀಟಿ ಮಾತ್ರ ಕೊಡುತ್ತಾರೆ. ಹಮಾದಾ-ಸಾನ್ ನನಗೂ ಒಂದಿಷ್ಟು ಖಾಲಿ ಚೀಟಿ ಕೊಟ್ಟಿದ್ದರು. ಅದರಲ್ಲಿ ಒಂದನ್ನು ಅಂಗಡಿಯ ವಿಳಾಸಕ್ಕೆ ಅಂಚೆಗೆ ಹಾಕಿದ್ದೇನೆ. ಕನ್ನಡದಲ್ಲಿ ನನ್ನ ಹೆಸರು ಬಿಟ್ಟರೆ ಬೇರೇನೂ ಬರೆದಿಲ್ಲ. ಬಂದರೆ ಏನೆಂದು ಕೇಳಬಹುದು, ನೀನು ಹೇಳಬೇಕಾಗಿಲ್ಲ. ಅವರಿಗೆ ಗೊತ್ತಾಗುತ್ತದೆ.

ಡಿಸೆಂಬರ್ ಹದಿನಾಲ್ಕಕ್ಕೆ ಮುಂಜಾನೆ ಜಿದ್ದಾದಲ್ಲಿ ಇಳಿಯುತ್ತೇನೆ. ಏರ್‌ಪೋರ್ಟಿಗೆ ನೀನೂ ಸುಹೈಬನೂ ಬರುವುದು ಬೇಡ. ಇದನ್ನು ಎರಡನೇ ಸಲವೂ ಹೇಳುತ್ತೇನೆ, ಬೇಡ. ಮಾಮ ಒಬ್ಬರೇ ಬರಲಿ. ನೀನು ಈಗ ಕೂಗಿ ಸುಹೈಬನನ್ನು ಎಬ್ಬಿಸುತ್ತೀಯ ಎಂದು ಗೊತ್ತು. ಕೂಗಿಕೋ.

ಅವರಿಗೆ ಇನ್ನೊಂದು ಮಾತು ಹೇಳು. ಹದಾ ಘಾಟಿಯ ಬುಡದಲ್ಲಿ, ಕಾರು ತಿರುವು ಹತ್ತಲು ಶುರುಮಾಡುವ ಮೊದಲು, ನಿಲ್ಲಿಸಬೇಕು. ಅಲ್ಲಿ ಬಲಕ್ಕೋ ಎಡಕ್ಕೋ, ಈಗ ನೆನಪಿಲ್ಲ, ಹಳೆಯ ಕಲ್ಲುದಾರಿಯೊಂದಿದೆ. ರಸ್ತೆ ಆಗುವ ಮೊದಲು ಒಂಟೆಗಳೂ ಯಾತ್ರಿಕರೂ ಆ ಗುಡ್ಡ ಹತ್ತಿ ಇಳಿಯುತ್ತಿದ್ದ ದಾರಿ. ಮದುವೆಯಾಗಿ ಬಂದ ವರ್ಷ ಕಾರಿನ ಕಿಟಕಿಯಿಂದ ನೋಡಿ ‘ಅದೇನು’ ಎಂದು ಕೇಳಿದ್ದೆ. ಆಮೇಲೆ ಪ್ರತಿ ಸಲ ಮಕ್ಕಾಕ್ಕೆ ಹೋಗುವಾಗಲೂ ಬರುವಾಗಲೂ ನೋಡಿದ್ದೇನೆ, ಕಿಟಕಿಯಿಂದಲೇ.

ನಾನು ಅಲ್ಲಿ ಇಳಿದು ನಡೆದು ಮೇಲೆ ಬರುತ್ತೇನೆ. ಪೆಟ್ಟಿಗೆ ಕಾರಿನಲ್ಲಿರಲಿ. ಅವರು ಕಾರು ಮೇಲೆ ತಂದು ಕಾದರೂ ಸರಿ. ಕಾರನ್ನು ಕೆಳಗೇ ಬಿಟ್ಟು ಜೊತೆಗೆ ಬಂದರೂ ಸರಿ, ಸುಹೈಬ್ ಆಮೇಲೆ ಹೋಗಿ ತರುತ್ತಾನೆ. ಅವರೇ ನೋಡಿಕೊಳ್ಳಲಿ.

ಬರುವುದಾದರೆ ಅಂಗಡಿಯ ಚಪ್ಪಲಿಯಲ್ಲಿ ಬರಬಾರದು. ಅವರ ಪಾದದ ಅಳತೆ ನಲವತ್ತೆರಡು. ನೀನೇ ಹೋಗಿ ಒಂದು ಜೊತೆ ಒಳ್ಳೆಯ ಬೂಟು ತಂದು ಬಾಗಿಲ ಬಳಿ ಇಡು. ಕೇಳಬೇಡ, ಸುಮ್ಮನೆ ಇಡು.

ಆಯಿಶತ್